ಸುಕ್ಕಿಲ್ಲದ ನಾಯಕರಿಗೆ ಸುಕ್ಕುಗಟ್ಟಿದ ಗ್ರಾಫೀನ್

ರಾಜ್ಯ ಸರ್ಕಾರ ಫ್ಲೆಕ್ಸ್ ನಿಷೇಧಿಸಿದ್ದು 2016ರ ಮಾರ್ಚ್‌ನಲ್ಲಿ. ಅದೇ ವರ್ಷದ ಜನವರಿಯಲ್ಲಿ ದಾವಣಗೆರೆ ಸ್ಮಾರ್ಟ್ ಸಿಟಿಗಳ ಮೊದಲ ಪಟ್ಟಿ ಸೇರಿತ್ತು. ಎರಡೂ ಆದೇಶಗಳು ಎಷ್ಟು ಸೊಗಸಾಗಿ ಜಾರಿಯಾಗಿವೆಯೆಂದರೆ, ಸಿಗ್ನಲ್ ದೀಪ ಹಸಿರಾಯಿತೇ ಎಂದು ತಿಳಿಯಲು ಯಾವುದೋ ಯುವ ನಾಯಕರ ಕಿವಿಯ ಪಕ್ಕದಿಂದ ಇಣುಕಬೇಕು. ನಿಷೇಧವಾದ ವಸ್ತು ಇಷ್ಟು ಎತ್ತರದಲ್ಲಿ ತೂಗುವುದು ಬೇರೆಲ್ಲೂ ಕಾಣಸಿಗದು.

ಹೀಗಾಗಿ ಕಾನೂನಿಗೂ ಅಭಿಮಾನಕ್ಕೂ ಭಂಗ ಬಾರದಂತೆ ನನ್ನದೊಂದು ಸಲಹೆ: ಇನ್ನು ಮುಂದೆ ಬ್ಯಾನರುಗಳು ಗ್ರಾಫೀನಿನವೇ ಆಗಲಿ. ಹತ್ತಿ ಗಿರಣಿಗಳ ಕಾಲದಲ್ಲಿ ನಮ್ಮೂರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎನ್ನುತ್ತಿದ್ದರು. ಅಸಲಿ ಮ್ಯಾಂಚೆಸ್ಟರಿನ ವಿಶ್ವವಿದ್ಯಾಲಯದಲ್ಲಿ ಆಂದ್ರೆ ಗೈಮ್ ಮತ್ತು ಕಾನ್‌ಸ್ಟಾಂಟಿನ್ ನೊವೊಸೆಲೊವ್ ಗ್ರಾಫೈಟಿಗೆ ಅಂಟುಟೇಪು ಹಚ್ಚಿ ಕಿತ್ತು, ಒಂದೇ ಪರಮಾಣು ದಪ್ಪದ ಇಂಗಾಲದ ಪದರವಾದ ಈ ಗ್ರಾಫೀನನ್ನು 2004ರಲ್ಲಿ ಜಗತ್ತಿಗೆ ತೋರಿಸಿದರು; 2010ರಲ್ಲಿ ನೊಬೆಲ್ ಪಡೆದರು. ಈ ಮ್ಯಾಂಚೆಸ್ಟರಿನಲ್ಲಿ ಟೇಪು ಬಳಸಿ ನಾವು ಹರಿದ ಫ್ಲೆಕ್ಸ್ ಅಂಟಿಸುತ್ತೇವೆ. ಸಂಶೋಧನೆಗೆ ಬೇಕಾದ ಸಲಕರಣೆಯಂತೂ ಕೈಯಲ್ಲೇ ಇದೆ.

ಗ್ರಾಫೀನ್ ಶುದ್ಧ ಇಂಗಾಲ, ಆದ್ದರಿಂದ ಪ್ಲಾಸ್ಟಿಕ್ ನಿಷೇಧ ತಾಗುವುದಿಲ್ಲ. (ಅದನ್ನು ಅಂಟಿಸುವ ಹಾಳೆ ಸಾಮಾನ್ಯವಾಗಿ ಪ್ಲಾಸ್ಟಿಕ್ಕೇ. ಆದರೆ ಅಡಿಯಲ್ಲಿ ಏನಿದೆಯೆಂದು ನಮ್ಮಲ್ಲಿ ಯಾರು ಎತ್ತಿ ನೋಡುತ್ತಾರೆ?) ಒಂದು ಪದರ ಹೀರುವುದು ಬೆಳಕಿನ ಶೇ 2.3ರಷ್ಟನ್ನು ಮಾತ್ರ. ಬ್ಯಾನರ್ ಇರುತ್ತದೆ, ಕಾಣುವುದಿಲ್ಲ. ಪಾಲಿಕೆಯ ಅಧಿಕಾರಿಗಳು ಈಗಿನ ಫ್ಲೆಕ್ಸುಗಳನ್ನು ಹಾಗೆಯೇ ನೋಡುತ್ತಿರುವುದರಿಂದ ಹೊಸ ತರಬೇತಿಯ ಖರ್ಚೂ ಇಲ್ಲ.

ನಾಯಕರ ಮುಖ ಮೂಡಿಸಲು ಇದರ ಮೇಲೆ ಪರದೆಯ ಸರ್ಕ್ಯೂಟು ಕೂರಿಸಬೇಕು. ಪಕ್ಷ ಬದಲಾದರೆ ಬಾವುಟದ ಬಣ್ಣ ಬದಲಿಸಿದರಾಯಿತು, ಮುದ್ರಣದ ವೆಚ್ಚ ಉಳಿಯಿತು. ತೊಡಕಿರುವುದು ಹಿಗ್ಗುವುದರಲ್ಲಿ. ಫ್ಲೆಕ್ಸಿನ ಕೆಳಸಾಲಿನಲ್ಲಿ ಅಂಚೆಚೀಟಿಯಷ್ಟಾಗಿ ಕುಳಿತ ಮುಖಂಡರಿಗೆಲ್ಲ ತಮ್ಮ ತಲೆ ಪಕ್ಕದವರದಕ್ಕಿಂತ ದೊಡ್ಡದಾಗಬೇಕು. ಬಾಗುವ ವಿಷಯದಲ್ಲಿ ಗ್ರಾಫೀನ್ ನಮ್ಮ ಕಾರ್ಯಕರ್ತರಿಗೆ ಸರಿಸಮ. ಆದರೆ ಪ್ರಯೋಗಾಲಯದಲ್ಲಿ ಬೆಳೆಸಿದ ಪದರವನ್ನು ರಬ್ಬರಿನ ಮೇಲಿಟ್ಟು ನೇರವಾಗಿ ಎಳೆದರೆ ಕೆಲವೇ ಶೇಕಡಾ ಹಿಗ್ಗುವಷ್ಟರಲ್ಲಿ ಬಿರುಕು ಬಿಡುತ್ತದೆ. ಅದಕ್ಕೆ ವಿಜ್ಞಾನಿಗಳು ಮೊದಲೇ ಎಳೆದು ಹಿಡಿದ ರಬ್ಬರಿನ ಮೇಲೆ ಗ್ರಾಫೀನ್ ಹಾಸಿ, ರಬ್ಬರನ್ನು ಸಡಿಲ ಬಿಡುತ್ತಾರೆ. ರಬ್ಬರು ಕುಗ್ಗುತ್ತದೆ, ಗ್ರಾಫೀನ್ ಸುಕ್ಕುಗಟ್ಟುತ್ತದೆ. ಮತ್ತೆ ಎಳೆದಾಗ ಆ ಸುಕ್ಕು ಬಿಡಿಸಿಕೊಳ್ಳುತ್ತದೆಯೇ ಹೊರತು ಹರಿಯುವುದಿಲ್ಲ. ಹಿಗ್ಗುವ ಶಕ್ತಿಯೆಲ್ಲ ಇರುವುದು ಸುಕ್ಕಿನಲ್ಲಿ! ಎಪ್ಪತ್ತರ ನಾಯಕರಿಗೆ ಇಪ್ಪತ್ತೈದರ ಕೆನ್ನೆ ಕೂರಿಸಿ, ಹಣೆಯ ಗೆರೆಗಳನ್ನೆಲ್ಲ ರಾತ್ರಿಯಿಡೀ ಒರೆಸುವ ನಮ್ಮ ಡಿಸೈನ್ ಹುಡುಗರಿಗೆ ಇದನ್ನು ಹೇಳುವವರು ಯಾರು?

ಇನ್ನೊಂದು ಗುಣವಿದೆ. ವಿದ್ಯುತ್ ಹರಿವನ್ನು ತಡೆದು ನಿಲ್ಲಿಸಲು ಬೇಕಾದ 'ಶಕ್ತಿ ಅಂತರ' ಗ್ರಾಫೀನಿಗಿಲ್ಲ, ಹಾಗಾಗಿ ಅದರಿಂದ ಮಾಡಿದ ಟ್ರಾನ್ಸಿಸ್ಟರನ್ನು, ಅಂದರೆ ವಿದ್ಯುತ್ತಿನ ಪುಟ್ಟ ಸ್ವಿಚ್ಚನ್ನು, ಪೂರ್ತಿ ಆಫ್ ಮಾಡಲಾಗುವುದಿಲ್ಲ. ಎಲೆಕ್ಟ್ರಾನಿಕ್ಸ್‌ನವರಿಗೆ ಇದು ತಲೆನೋವು. ಹುಟ್ಟುಹಬ್ಬ ಮುಗಿದು ಮೂರು ತಿಂಗಳಾದರೂ ಶುಭಾಶಯ ಇಳಿಸದ ಊರಿಗೆ ಇದು ಅನುಕೂಲವೇ.

ಟೆಂಡರಿನ ಬಗ್ಗೆಯೂ ಆತಂಕ ಬೇಡ. 2018ರಲ್ಲಿ ಪ್ರಕಟವಾದ ಒಂದು ಅಧ್ಯಯನ ಜಗತ್ತಿನ 60 ತಯಾರಕರ ಗ್ರಾಫೀನ್ ಪುಡಿಯನ್ನು ಪರೀಕ್ಷಿಸಿದಾಗ, ಬಹುತೇಕ ಮಾದರಿಗಳಲ್ಲಿ ಅಸಲಿ ಗ್ರಾಫೀನ್ ಶೇ 10ಕ್ಕಿಂತ ಕಡಿಮೆಯಿತ್ತು. ಉಳಿದದ್ದರಲ್ಲಿ ಹೆಚ್ಚಿನ ಪಾಲು ಪೆನ್ಸಿಲ್ ಕಡ್ಡಿಯಲ್ಲಿರುವ ಗ್ರಾಫೈಟೇ. ಡಾಂಬರಿಲ್ಲದ ಡಾಂಬರು ರಸ್ತೆ ಮಾಡಿ ಬಿಲ್ ಪಡೆದವರು ನಮ್ಮಲ್ಲಿ ಇರುವಾಗ, ಇಂಥ ಸರಬರಾಜಿಗೆ ಹೊರಗಿನವರು ಬೇಕೇ?

ಯೋಜನೆಯನ್ನು ಮೊದಲು ವಿವರಿಸಿದ್ದು ಊರಿನ ಒಬ್ಬ ಫ್ಲೆಕ್ಸ್ ಮುದ್ರಕರಿಗೆ. ಯಂತ್ರದಿಂದ ಇಳಿಯುತ್ತಿದ್ದ ಮೀಸೆಯೊಂದರ ಮೇಲೆ ಕಣ್ಣಿಟ್ಟೇ ಅವರು ಒಂದು ಪರಮಾಣುವಿನ ದಪ್ಪ, ನೊಬೆಲ್, ಸುಕ್ಕು ಎಲ್ಲವನ್ನೂ ಸಮಾಧಾನದಿಂದ ಕೇಳಿಸಿಕೊಂಡರು.

"ಆಗಲಿ ಸರ್. ಚದರ ಅಡಿಗೆ ಎಷ್ಟು ಬೀಳುತ್ತದೆ? ಮತ್ತೆ, ಹಗ್ಗ ಕಟ್ಟಲು ನಾಲ್ಕು ಮೂಲೆಗೂ ಐಲೆಟ್ ಹೊಡೆಯಬಹುದು ತಾನೇ?"