ಅಡಿಕೆ ಸಸಿಗೆ ಅವಸರವಿಲ್ಲ

ತೀರ್ಥಹಳ್ಳಿ ಸೀಮೆಯ ನಮ್ಮ ತೋಟದಲ್ಲಿ ಈ ವರ್ಷ ನೆಟ್ಟ ಅಡಿಕೆ ಸಸಿ ಫಸಲು ಕೊಡಲು 5-6 ವರ್ಷ ಬೇಕೆಂದಾಗ, ಅಣ್ಣನ ಮಗ ಮೊಬೈಲಿನಿಂದ ಕಣ್ಣೆತ್ತದೆಯೇ "ಅಷ್ಟು ದಿನ ಯಾರು ಕಾಯ್ತಾರೆ ಚಿಕ್ಕಪ್ಪ?" ಎಂದು ನಕ್ಕನು. ಫಸಲು ಕೊಡುವ ಹಳೆಯ ಮರಗಳಿಗೆ ಕಾಯಿ ಕೊಳೆಸುವ ಕೊಳೆರೋಗ ತಡೆಯಲು ಮುಂಗಾರಿಗೆ ಮೊದಲೇ 100 ಲೀಟರ್ ನೀರಿನ ಲೆಕ್ಕದಲ್ಲಿ ತಲಾ 1 ಕಿಲೋ ಮೈಲುತುತ್ತ (ಕಾಪರ್ ಸಲ್ಫೇಟ್) ಮತ್ತು ಸುಣ್ಣವನ್ನು ಬೇರೆಬೇರೆಯಾಗಿ ಕರಗಿಸಿ, ಬೆರೆಸಿ, ಗೊನೆಗೊನೆಗೂ ಸಿಂಪಡಿಸಿ, ಸುಮಾರು 40 ದಿನಗಳ ಬಳಿಕ ಮತ್ತೆ ಅದನ್ನೇ ಮಾಡಬೇಕಾದ ಕೆಲಸದಲ್ಲಿ ಅವನು ಅರ್ಧ ಗಂಟೆಯೂ ನಿಲ್ಲಲಿಲ್ಲ. ಅದರ ವಿಡಿಯೊ ಮಾತ್ರ ಸಂಜೆಯೊಳಗೆ ಊರೆಲ್ಲ ಸುತ್ತಿತ್ತು. ಎಷ್ಟು ಜನ ಮೆಚ್ಚಿದರೆಂದು ಗಳಿಗೆಗೊಮ್ಮೆ ನೋಡುವುದಕ್ಕೆ ಅವನಿಗೆ ಬೇಸರವೇ ಇಲ್ಲ. ನಾವೂ ಆ ವಯಸ್ಸಿನಲ್ಲಿ ಮೈಗಳ್ಳರೇ ಆಗಿದ್ದೆವು, ಆದರೂ ಅಪ್ಪನ ಗದರಿಕೆಗೆ ಅಂಜಿಯಾದರೂ ಗೊನೆ ಕೊಯ್ಯುವ ದೋಟಿ ಹಿಡಿಯುತ್ತಿದ್ದೆವು. ಮೊನ್ನೆ ಅದೇ ಹುಡುಗ, ಅಡಿಕೆ ದರ ಕ್ವಿಂಟಲಿಗೆ ಈಗ ಎಷ್ಟಿದೆ ಎಂದು ಬಹಳ ಆಸಕ್ತಿಯಿಂದ ವಿಚಾರಿಸಿದನು.