ಅಕ್ಕಿ ಮೂಟೆಗಳ ನಡುವೆ ಒಂದು ಪಾಡ್‌ಕಾಸ್ಟ್

ಕಳೆದ ವಾರ ಹಾಸನದಲ್ಲಿ ಒಂದು ಮದುವೆಗೆ ಹೋಗಿದ್ದೆ. ಊಟದ ಪಂಕ್ತಿಯಲ್ಲಿ ಪಕ್ಕ ಕೂತಿದ್ದ ಹಳೆಯ ಸಹೋದ್ಯೋಗಿಯೊಬ್ಬರು ಕೇಳಿದರು: "ಏನ್ರೀ, ನಿಮ್ಮ ಸ್ಕೂಲಲ್ಲಿ ವಿಜ್ಞಾನನ ರೇಡಿಯೋ ಥರ ಕೇಳಿಸ್ತೀರಂತೆ? ಮಾಡಿ ತೋರಿಸೋ ವಿಷಯನ ಕಿವಿಗೆ ಹಾಕಿದ್ರೆ ಏನ್ರೀ ಬಂತು?" ಬಾಯಲ್ಲಿ ಹೋಳಿಗೆ ಇತ್ತು. ಸುಮ್ನೆ ನಕ್ಕೆ. ಉತ್ತರ ಇಲ್ಲಿ ಬರೆಯುತ್ತಿದ್ದೇನೆ.

ಅವರ ಮಾತಲ್ಲಿ ಅರ್ಧ ನಿಜ ಇದೆ. ನನ್ನ ಮೊದಲ ಪ್ರಯತ್ನ ಪೂರ್ತಿ ನೆಲ ಕಚ್ಚಿತ್ತು.

ಸಕಲೇಶಪುರದ ಕಡೆಯ ಸರ್ಕಾರಿ ಹೈಸ್ಕೂಲು ನಮ್ಮದು. ಎರಡು ವರ್ಷದ ಹಿಂದೆ, ಜುಲೈ ತಿಂಗಳು. ಇಂಗ್ಲಿಷಿನ ಒಂದು ಒಳ್ಳೆಯ ವಿಜ್ಞಾನ ಪಾಡ್‌ಕಾಸ್ಟ್ ಡೌನ್‌ಲೋಡ್ ಮಾಡಿಕೊಂಡೆ. ಮಗನ ಬ್ಲೂಟೂತ್ ಸ್ಪೀಕರ್ ಎತ್ತಿಕೊಂಡು ಹೋಗಿ ಒಂಬತ್ತನೇ ತರಗತಿಗೆ ಮೂವತ್ತೈದು ನಿಮಿಷ ಹಾಕಿದೆ. ಹೊರಗೆ ಮಲೆನಾಡಿನ ಮಳೆ, ತಲೆ ಮೇಲೆ ಶೀಟು. ಆ ಸದ್ದಿನ ಮುಂದೆ ಅಂಗೈಯಗಲದ ಸ್ಪೀಕರ್ ಯಾವ ಲೆಕ್ಕ? ಹತ್ತು ನಿಮಿಷಕ್ಕೆ ಹಿಂದಿನ ಬೆಂಚು ಮಲಗಿತ್ತು. ಮುಂದಿನ ಬೆಂಚಿನವರು ಕಣ್ಣು ಬಿಟ್ಟುಕೊಂಡು ಮಲಗಿದ್ದರು. ಮುಗಿದ ಮೇಲೆ "ಏನು ಅರ್ಥ ಆಯ್ತು?" ಅಂತ ಕೇಳಿದರೆ ಒಬ್ಬಳು ಎದ್ದು ನಿಂತು, "ಅವರು ತುಂಬಾ ನಗ್ತಿದ್ರು ಮಿಸ್" ಅಂದಳು.

ಮನೆಗೆ ಬರುವಾಗ ಬಸ್ಸಲ್ಲಿ ಯೋಚನೆ ಮಾಡಿದೆ. ಕೇಳಿ ಕಲಿಯೋದು ನಮಗೇನು ಹೊಸದಾ? ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲೇ ಮನೆಯಿಂದ ಬಾನುಲಿ ಶುರು ಮಾಡಿದ್ದರು. ಆಕಾಶವಾಣಿ ಅನ್ನೋ ಹೆಸರು ಅಲ್ಲಿಯದೇ. ಅವರೂ ಮೇಷ್ಟ್ರೇ, ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರ ಹೇಳುತ್ತಿದ್ದರು. ಆಮೇಲೆ ನಮ್ಮ ಶಾಲೆಗಳಿಗೇ ಅಂತ ರೇಡಿಯೋದಲ್ಲಿ 'ಚಿನ್ನರ ಚುಕ್ಕಿ', 'ಕೇಳಿ ಕಲಿ' ಬಂದವು. ಪಾಠದ ನಡುವೆ ಮಕ್ಕಳನ್ನು ಮಾತಾಡಿಸುತ್ತಿದ್ದವು. ಅವುಗಳ ಕಷ್ಟ ಒಂದೇ. ಹೇಳಿದ ಹೊತ್ತಿಗೆ ರೇಡಿಯೋ ಹಾಕಬೇಕು. ಆ ಹೊತ್ತಿಗೆ ಕರೆಂಟ್ ಹೋದರೆ ಅವತ್ತಿನ ಪಾಠ ಹೋಯಿತು. ಪಾಡ್‌ಕಾಸ್ಟನ್ನು ಬೇಕಾದಾಗ ನಿಲ್ಲಿಸಬಹುದು. ನಾನು ಮೂವತ್ತೈದು ನಿಮಿಷದಲ್ಲಿ ಒಂದು ಸಲವೂ ನಿಲ್ಲಿಸಿರಲಿಲ್ಲ!

ಎರಡನೇ ಸಲ ನಾನೇ ಕನ್ನಡದಲ್ಲಿ ನಾಲ್ಕು ನಿಮಿಷ ರೆಕಾರ್ಡ್ ಮಾಡಿದೆ. ಸ್ಟೆತಸ್ಕೋಪಿನ ಕಥೆ. 1816, ಪ್ಯಾರಿಸ್. ಲೆನೆಕ್ ಅನ್ನೋ ಡಾಕ್ಟರ ಹತ್ತಿರ ಹೃದಯದ ಕಾಯಿಲೆಯ ಲಕ್ಷಣ ಇದ್ದ ಒಬ್ಬ ಯುವತಿ ಬಂದಿದ್ದಾಳೆ. ಆಗೆಲ್ಲ ಎದೆಗೇ ಕಿವಿ ಇಟ್ಟು ಕೇಳುತ್ತಿದ್ದ ಕಾಲ. ಈ ಮನುಷ್ಯನಿಗೆ ಸಂಕೋಚ. ಅಲ್ಲಿಗೆ ಪಾಸ್ ಒತ್ತಿ, "ನೀವಾಗಿದ್ರೆ ಏನು ಮಾಡ್ತಿದ್ರಿ?" ಅಂತ ಕೇಳಿದೆ. "ನರ್ಸಮ್ಮನ್ನ ಕರೀತಿದ್ದೆ ಮಿಸ್" ಅಂದ ಒಬ್ಬ. "ಬೆನ್ನಿಗೆ ಕಿವಿ ಇಡ್ತಿದ್ದೆ" ಅಂದ ಇನ್ನೊಬ್ಬ. ಕೊನೆಗೆ ಒಬ್ಬಳು ಅನುಮಾನದಲ್ಲೇ "ಊದುಗೊಳವೆ?" ಅಂದಳು. ಮತ್ತೆ ಪ್ಲೇ ಒತ್ತಿದೆ. ಲೆನೆಕ್ ಕಾಗದ ಸುತ್ತಿ ಕೊಳವೆ ಮಾಡಿಕೊಂಡ ಅಂತ ಬಂತು. ಊದುಗೊಳವೆ ಅಂದವಳ ಮುಖ ನೋಡಬೇಕಿತ್ತು. ಐದು ನಿಮಿಷದಲ್ಲಿ ಎಲ್ಲರ ನೋಟ್‌ಬುಕ್ಕೂ ಸುರುಳಿ, ಎಲ್ಲರ ಕಿವಿಯಲ್ಲೂ ಲಬ್ ಡಬ್. ಅದು ಹೃದಯದ ಕವಾಟ ಮುಚ್ಚುವ ಸದ್ದು ಅಂತ ನಾನು ಆಮೇಲೆ ಹೇಳಿದೆ, ಅವರೇ ಕೇಳಿದ ಮೇಲೆ.

ಅಷ್ಟಕ್ಕೇ ನಿಲ್ಲಿಸಿದ್ದರೆ ಈ ಪೋಸ್ಟ್ ಬರೆಯುತ್ತಿರಲಿಲ್ಲ. ಕಳೆದ ವರ್ಷ ಫೋನನ್ನು ಮಕ್ಕಳ ಕೈಗೇ ಕೊಟ್ಟೆ. ಇಬ್ಬಿಬ್ಬರು ಕೂತು ಶಬ್ದದ ಪಾಠದಿಂದ ಒಂದು ವಿಷಯ ಹೇಳಬೇಕು. ನಾಲ್ಕು ನಿಮಿಷ ಮೀರಬಾರದು. ಪುಸ್ತಕ ನೋಡಿ ಓದಬಾರದು.

ಬೋರ್ಡಿನ ಮುಂದೆ ನಿಲ್ಲಿಸಿದರೆ ನಮ್ಮ ಮಕ್ಕಳು ಹೇಗೆ ವಿವರಿಸುತ್ತಾರೆ ಗೊತ್ತಲ್ವಾ? "ಮಿಸ್, ಇದು ಇಲ್ಲಿಂದ ಬಂದು, ಅದಕ್ಕೆ ತಾಗಿ, ಹಿಂಗೆ ಹೋಗುತ್ತೆ." ಬೆರಳು ಬೋರ್ಡಿನ ಮೇಲೆ ಓಡುತ್ತಿರುತ್ತದೆ, ನಾವು ತಲೆ ಆಡಿಸಿ ಕೂರಿಸುತ್ತೇವೆ. ರೆಕಾರ್ಡಿಂಗ್ ಕೇಳುವವರಿಗೆ ಬೆರಳು ಕಾಣುವುದಿಲ್ಲ. 'ಇದು', 'ಅದು', 'ಹಿಂಗೆ' ಮೂರನ್ನೂ ತೆಗೆದರೆ ಎಷ್ಟೋ ಜನರ ಹತ್ತಿರ ಹೇಳೋಕೆ ಏನೂ ಉಳಿಯುತ್ತಿರಲಿಲ್ಲ. ಚೆನ್ನಾಗಿ ಮಾರ್ಕ್ಸ್ ತೆಗೆಯುವವರದೂ ಇದೇ ಗತಿ. ಅವರಿಗೆ ಅರ್ಥ ಆಗಿದೆ ಅಂತ ನಾನು ಇಷ್ಟು ವರ್ಷ ಅಂದುಕೊಂಡಿದ್ದೆನಲ್ಲ, ಅದು ನನಗೆ ಬಿದ್ದ ಪೆಟ್ಟು.

ಪರೀಕ್ಷೆಯಲ್ಲಿ ಪಾಸಾಗಲು ಒದ್ದಾಡುವ ಒಬ್ಬ ಹುಡುಗ ಇದ್ದ. ಸಂಪೀಡನ (ಗಾಳಿಯ ಕಣ ಒತ್ತೊತ್ತಾಗೋದು), ವಿರಳನ (ದೂರ ದೂರ ಆಗೋದು) ಅಂತ ಪುಸ್ತಕದ ಪದ ಅವನ ನಾಲಿಗೆಗೆ ಹೊರಳಲೇ ಇಲ್ಲ. ನಾಲ್ಕು ಟೇಕ್ ಆದ ಮೇಲೆ ಬಿಟ್ಟು, ಅವನೇ ಶುರು ಮಾಡಿದ: "ಬೇಲೂರ್ ಬಸ್ಸು ರಶ್ಶು. ಹಿಂದಿನ ಬಾಗಿಲಲ್ಲಿ ಒಬ್ಬ ನೂಕ್ತಾನೆ. ಅಜ್ಜಿ ಮುಂದಿನವನ ಮೇಲೆ ಬೀಳುತ್ತೆ, ಅವನು ಅವನ ಮುಂದಿನವನ ಮೇಲೆ. ಆ ನೂಕು ಡ್ರೈವರ್ ತನಕ ಹೋಗುತ್ತೆ. ಅಜ್ಜಿ ಹೋಗಲ್ಲ, ಅಲ್ಲೇ ಇರುತ್ತೆ. ಗಾಳಿನೂ ಹಂಗೇ." ಶಬ್ದದಲ್ಲಿ ಮುಂದೆ ಸಾಗುವುದು ಕಂಪನ, ಗಾಳಿಯ ಕಣಗಳಲ್ಲ ಅಂತ ಬಿ.ಎಡ್. ಮಾಡಿದ ನಾನು ಇಷ್ಟು ಚೆನ್ನಾಗಿ ಹೇಳಿದ್ದು ನೆನಪಿಲ್ಲ.

ಆದರೆ ಮೊದಲ ರೆಕಾರ್ಡಿಂಗ್‌ಗಳೆಲ್ಲ ಗುಂಯ್ ಅನ್ನುತ್ತಿದ್ದವು. "ಪ್ರತಿಧ್ವನಿ ಮಿಸ್" ಅಂದರು. ಹಾಗಾದ್ರೆ ಟೇಪ್ ತಗೊಳ್ಳಿ, ರೂಮು ಅಳೀರಿ ಅಂದೆ. ಉದ್ದ 24 ಅಡಿ, ಅಂದರೆ ಏಳು ಮೀಟರಿಗೆ ಸ್ವಲ್ಪ ಜಾಸ್ತಿ. ಪುಸ್ತಕದ ಪ್ರಕಾರ ಪ್ರತಿಧ್ವನಿ ಬೇರೆಯಾಗಿ ಕೇಳಬೇಕಾದರೆ ಗೋಡೆ ಕನಿಷ್ಠ 17.2 ಮೀಟರ್ ದೂರ ಇರಬೇಕು. ಕೇಳಿದ ಸದ್ದು ನಮ್ಮೊಳಗೆ 0.1 ಸೆಕೆಂಡ್ ಉಳಿಯುತ್ತದೆ, ಅಷ್ಟರೊಳಗೆ ವಾಪಸ್ ಬಂದಿದ್ದು ಅದರ ಜೊತೆಗೇ ಕಲಸಿಹೋಗುತ್ತದೆ. ಹಾಗಾಗಿ ಇದು ಪ್ರತಿಧ್ವನಿ ಅಲ್ಲ, ಅನುರಣನ, ಅಂದರೆ ಗೋಡೆಗಳಿಗೆ ಮತ್ತೆ ಮತ್ತೆ ತಾಗಿ ಸದ್ದು ಎಳೆದುಕೊಂಡು ಹೋಗೋದು. ಪರೀಕ್ಷೆಗೆ ಎರಡರ ವ್ಯತ್ಯಾಸ ಬಾಯಿಪಾಠ ಮಾಡಿಸುತ್ತಿದ್ದವಳು ನಾನೇ. ಈಗ ಅದನ್ನು ಓಡಿಸೋದು ಹೇಗೆ ಅಂತ ಇಡೀ ಕ್ಲಾಸು ತಲೆ ಕೆಡಿಸಿಕೊಂಡಿತು. ಕಾರಿಡಾರ್ ನೋಡಿದರು, ಆಫೀಸು ರೂಮು ನೋಡಿದರು. ಕೊನೆಗೆ ಸಿಕ್ಕಿದ್ದು ಬಿಸಿಯೂಟದ ಸ್ಟೋರ್ ರೂಮು. ಮೂರು ಕಡೆ ಅಕ್ಕಿ, ಬೇಳೆ ಮೂಟೆ. ಅಲ್ಲಿ ಮಾತಾಡಿದರೆ ಮಾತು ಅಲ್ಲೇ ಹೀರಿಕೊಂಡು ಹೋಗುತ್ತದೆ. ದೊಡ್ಡ ಸ್ಟುಡಿಯೋಗಳ ಗೋಡೆಗೆ ಮೆತ್ತಗಿನದು ಹೊದಿಸೋದು ಯಾಕೆ ಅಂತ ಮತ್ತೆ ಹೇಳಬೇಕಾಗಲಿಲ್ಲ.

ನನಗೆ ತುಂಬಾ ಇಷ್ಟವಾದದ್ದು ಇಬ್ಬರು ಹುಡುಗಿಯರದು. ಹಾಸನಕ್ಕೆ ಹೋದಾಗ ಎಂಸಿಎಫ್‌ನ ದೊಡ್ಡ ಡಿಶ್‌ಗಳನ್ನು ನೋಡಿದ್ದರು. ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ ಅಂತ, ಇಸ್ರೋದ ಭೂಸ್ಥಿರ (ನೆಲದಿಂದ ನೋಡಿದರೆ ಒಂದೇ ಕಡೆ ನಿಂತಂತೆ ಕಾಣುವ) ಉಪಗ್ರಹಗಳನ್ನು ನೋಡಿಕೊಳ್ಳಲು 1982ರಲ್ಲಿ ಶುರುವಾದ ಕೇಂದ್ರ ಅದು. ಆ ಉಪಗ್ರಹಗಳು 35,786 ಕಿ.ಮೀ. ಮೇಲೆ ಇರುತ್ತವೆ. ಒಬ್ಬಳು ಲೆಕ್ಕ ಹಾಕಿಕೊಂಡು ಬಂದಿದ್ದಳು: ಶಬ್ದ ಸೆಕೆಂಡಿಗೆ 344 ಮೀಟರ್ ಹೋದರೆ ಅಲ್ಲಿಗೆ ಸುಮಾರು 29 ಗಂಟೆ. "ಇವತ್ತು ಬೆಳಿಗ್ಗೆ ಎಂಟಕ್ಕೆ ಹಾಸನದಲ್ಲಿ ಕೂಗಿದರೆ ನಾಳೆ ಮಧ್ಯಾಹ್ನ ಒಂದಕ್ಕೆ ಮುಟ್ಟುತ್ತೆ!" ಜೊತೆಯವಳು ನಡುವೆ ಬಾಯಿ ಹಾಕಿದಳು: "ಎಲ್ಲಿ ಮುಟ್ಟುತ್ತೆ? ಮೇಲೆ ಗಾಳಿನೇ ಇಲ್ವಲ್ಲೇ." ನಾಲ್ಕು ಸೆಕೆಂಡ್ ಪೂರಾ ಮೌನ. ಆಮೇಲೆ "ಹೌದಲ್ಲಾ... ಹಂಗಾದ್ರೆ ಎಂಸಿಎಫ್‌ನವರು ಹೆಂಗೆ ಮಾತಾಡ್ತಾರೆ?" ಅಲ್ಲಿಂದ ರೇಡಿಯೋ ತರಂಗಕ್ಕೆ ಹೋದರು. ಅದಕ್ಕೆ ಗಾಳಿ ಬೇಡ, ಬೆಳಕಿನ ವೇಗ, ಸೆಕೆಂಡಿನ ಎಂಟನೇ ಒಂದು ಭಾಗದಷ್ಟು ಹೊತ್ತೂ ಬೇಡ. ಆ ಮೌನವನ್ನು ಕತ್ತರಿಸಬೇಡಿ ಅಂತ ನಾನೇ ಹೇಳಿದೆ.

ಇನ್ನು ತಕರಾರುಗಳು. ಕಿರಣ ಚಿತ್ರ, ವಿದ್ಯುತ್ ಮಂಡಲ, ಸಮೀಕರಣ ಸರಿದೂಗಿಸೋದು, ಇವಕ್ಕೆ ಪಾಡ್‌ಕಾಸ್ಟ್ ಬೇಡ. ಸೀಮೆಸುಣ್ಣವೇ ಸರಿ. ಸ್ನೇಹಿತರೇ, ಅಷ್ಟು ನಿಮ್ಮ ಮಾತು ಒಪ್ಪಿದೆ. ಪೋರ್ಷನ್ ಹಿಂದೆ ಬೀಳುತ್ತೆ ಅನ್ನೋದೂ ನಿಜ. ನನ್ನದು ಐದು ಪೀರಿಯಡ್ ಹಿಂದೆ ಬಿತ್ತು, ಶನಿವಾರ ಸರಿದೂಗಿಸಿದೆ. ಕ್ಲಾಸಲ್ಲಿ ಕಿವಿ ಸರಿಯಾಗಿ ಕೇಳದ ಹುಡುಗನೊಬ್ಬ ಇದ್ದಾನೆ. ಮೊದಲ ಎರಡು ಸಲ ಅವನ ನೆನಪೇ ಬರಲಿಲ್ಲ, ಅದು ನನ್ನ ತಪ್ಪು. ಈಗ ಏನೇ ಕೇಳಿಸಿದರೂ ಬರೆದ ಪ್ರತಿ ಅವನ ಕೈಯಲ್ಲಿ ಇರುತ್ತದೆ. ಒಬ್ಬ ಹುಡುಗಿಯ ತಾಯಿ ಬಂದು, "ಏನ್ ಟೀಚರಮ್ಮ, ಮೊಬೈಲ್ ಮುಟ್ಟಬೇಡಿ ಅನ್ನೋರೂ ನೀವೇ, ಕೊಡೋರೂ ನೀವೇ" ಅಂದರು. ಅವರಿಗೆ ಅಜ್ಜಿಯ ಬಸ್ಸು ಕೇಳಿಸಿದೆ. ಎರಡು ಸಲ ಹಾಕಿಸಿಕೊಂಡರು. ಇದನ್ನೆಲ್ಲ ಯೂಟ್ಯೂಬಿಗೆ ಹಾಕಿ ಅಂತ ತುಂಬಾ ಜನ ಹೇಳುತ್ತಾರೆ. ಹಾಕಲ್ಲ. ಹದಿನಾಲ್ಕು ವರ್ಷದ ಮಕ್ಕಳು ತಪ್ಪು ಮಾತಾಡೋಕೆ ಧೈರ್ಯ ಮಾಡಿದ್ದೇ ಊರಿಗೆಲ್ಲ ಕೇಳಲ್ಲ ಅನ್ನೋ ನಂಬಿಕೆಯ ಮೇಲೆ.

ಎಂಸಿಎಫ್ ರೆಕಾರ್ಡಿಂಗಿನ ಕೊನೆಯಲ್ಲಿ, ರೇಡಿಯೋ ತರಂಗ ಇನ್ನೇನು ಉಪಗ್ರಹ ಮುಟ್ಟಬೇಕು, ಬಾಗಿಲು ಕಿರ್ ಅನ್ನುತ್ತದೆ. ಅಡುಗೆಯವರ ದನಿ: "ಸರ್ಕೊಳ್ರಮ್ಮಾ ಸ್ವಲ್ಪ, ಅಕ್ಕಿ ಅಳ್ಕೋಬೇಕು." ಅದನ್ನು ತೆಗೆಯೋಣ ಅಂದರೆ ಇಬ್ಬರೂ ಒಪ್ಪಲೇ ಇಲ್ಲ.