ಬಂದಿದೆ, ಪರಿಶೀಲನೆಯಲ್ಲಿದೆ, ಉದ್ಭವಿಸುವುದಿಲ್ಲ

ನಮ್ಮ ಶಾಸಕರು ವರ್ಷಪೂರ್ತಿ ಸದನದಲ್ಲಿ ಏನೂ ಮಾಡಲಿಲ್ಲ ಅಂತ ಕಲಬುರಗಿ ಸೂಪರ್ ಮಾರ್ಕೆಟ್‌ನ ಚಾ ಅಂಗಡಿಗಳಲ್ಲಿ ಸುದ್ದಿ ಹಬ್ಬಿಸಿದ್ದಾರೆ. ಶುದ್ಧ ಸುಳ್ಳು. ಸಾಹೇಬ್ರು ಕೂರುವುದು ಹಿಂದಿನ ಸಾಲಿನಲ್ಲಿ, ಕ್ಯಾಮೆರಾ ಅಲ್ಲೀತನಕ ತಿರುಗುವುದಿಲ್ಲ, ಅಷ್ಟೇ.

ಕೋರಂ ವಿಷಯವನ್ನೇ ತಗೊಳ್ಳಿ. 224 ಜನರ ಸದನ ನಡೆಯಲು ಹತ್ತನೇ ಒಂದು ಪಾಲು, ಅಂದರೆ 23 ಜನ ಒಳಗಿರಬೇಕು. ಒಂದು ಮಧ್ಯಾಹ್ನ 22 ತಲೆಗಳಿದ್ದವು. ಗಂಟೆ ಬಾರಿಸಿದ್ದೇ ಬಾರಿಸಿದ್ದು. ಆಗ ಮೊಗಸಾಲೆಯ ಒರಗು ಕುರ್ಚಿಯಿಂದೆದ್ದು, ಕಣ್ಣುಜ್ಜಿಕೊಳ್ಳುತ್ತ ಒಳಬಂದ 23ನೆಯ ತಲೆ ನಮ್ಮದು! ಐದು ನಿಮಿಷಕ್ಕೆ ಎದ್ದುಹೋದರು ನಿಜ. ಎಣಿಸಿ ಮುಗಿದಿತ್ತಲ್ಲ.

ಬಾಯಿ ಬಿಟ್ಟಿದ್ದೂ ಉಂಟು. 2025ರ ಮಾರ್ಚ್‌ನಲ್ಲಿ ಶಾಸಕರ ಸಂಬಳವನ್ನು 40 ಸಾವಿರದಿಂದ 80 ಸಾವಿರಕ್ಕೆ ಏರಿಸುವ ಮಸೂದೆ ಗದ್ದಲದ ನಡುವೆ ಚರ್ಚೆಯಿಲ್ಲದೆ ಪಾಸಾಯಿತು. ಆ ಗದ್ದಲದಲ್ಲೂ ಸಾಹೇಬ್ರ 'ಹೌದು' ಸ್ವಚ್ಛ ಕೇಳಿಸಿತಂತೆ. ವರ್ಷವೆಲ್ಲ ಕಾಪಿಟ್ಟ ಗಂಟಲು ನೋಡಿ.

ಪ್ರಶ್ನೆಯೂ ಕೇಳಿದ್ದಾರೆ, ಅದೂ ಚುಕ್ಕೆ ಗುರುತಿನದು, ಅಂದರೆ ಮಂತ್ರಿಗಳು ಸದನದಲ್ಲೇ ಬಾಯಿಬಿಟ್ಟು ಉತ್ತರಿಸಬೇಕಾದದ್ದು, ತೊಗರಿಯ ನೆಟೆ ರೋಗದ ಬಗ್ಗೆ. ಸದಸ್ಯರು ಹೊತ್ತಿಗೆ ಸರಿಯಾಗಿ ಬರಲೆಂದು ವಿಧಾನಸೌಧದಲ್ಲಿ ಬೆಳಗಿನ ತಿಂಡಿ ಇಡುತ್ತಾರೆ. ಸಾಹೇಬ್ರು ಹೊತ್ತಿಗೆ ಸರಿಯಾಗಿ ತಿಂಡಿಗೆ ಬಂದಿದ್ದರು. ಒಳಗೆ ಅವರ ಹೆಸರು ಕೂಗಿದರು, ಇವರು ಎರಡನೇ ವಡೆಗೆ ಚಟ್ನಿ ಹಾಕಿಸಿಕೊಳ್ಳುತ್ತಿದ್ದರು. ಉತ್ತರ ಕಾಗದದಲ್ಲಿ ಬಂತು. ಅದರ ಜೆರಾಕ್ಸ್ ಅವರ ಆಪ್ತರು ಊರೆಲ್ಲ ಹಂಚಿದರು. ಚಾ ಅಂಗಡಿ ಕಾಕಾಗೆ ನಾನೇ ಓದಿ ಹೇಳಿದೆ. ಅವರದು ಆರೆಕರೆ ತೊಗರಿ ನಿಂತಲ್ಲೇ ಒಣಗಿತ್ತು.

"(ಅ) ರೋಗ ಸರ್ಕಾರದ ಗಮನಕ್ಕೆ ಬಂದಿದೆಯೇ? ಬಂದಿದೆ."

"ಹೊಲಕ್ಕ ಯಾವಾಗ ಬರ್ತಾರಂತ?"

"ತಡೀರಿ ಕಾಕಾ. (ಆ) ಬಂದಿದ್ದಲ್ಲಿ, ಕೈಗೊಂಡ ಕ್ರಮವೇನು? ಪರಿಶೀಲನೆಯಲ್ಲಿದೆ. (ಇ) ಪರಿಹಾರ ಯಾವಾಗ ನೀಡಲಾಗುವುದು? ಉದ್ಭವಿಸುವುದಿಲ್ಲ."

"ಹಂಗಂದ್ರ?"

"ಪ್ರಶ್ನೇನೇ ಹುಟ್ಟಂಗಿಲ್ಲ ಅಂತ."

"ನಮ್ಮ ತೊಗರಿನೂ ಹಂಗ ನೋಡ್ರಿ," ಅಂದರು ಕಾಕಾ.

ಅಲ್ಲಿದ್ದ ವಕೀಲರೊಬ್ಬರು ಸಂವಿಧಾನ ತೆಗೆದರು: 190(4)ನೇ ವಿಧಿಯಂತೆ ಅನುಮತಿಯಿಲ್ಲದೆ 60 ದಿನ ಗೈರಾದರೆ ಸದಸ್ಯತ್ವಕ್ಕೇ ಕುತ್ತು. ಪಾಪ, ಸಾಹೇಬ್ರು ಗೈರಾಗಲು ತಯಾರಿದ್ದಾರೆ. ಆದರೆ ಅಷ್ಟು ದಿನ ಸದನವೂ ನಡೆಯಬೇಕಲ್ಲ! ವರ್ಷಕ್ಕೆ 60 ದಿನ ಸೇರುತ್ತೇವೆಂದು 2005ರಲ್ಲಿ ತಮಗೆ ತಾವೇ ಕಾಯ್ದೆ ಮಾಡಿಕೊಂಡವರು ಆ ಗೆರೆ ಮುಟ್ಟುವುದೇ ಅಪರೂಪ.

ಏಳುವ ಹೊತ್ತಾಯಿತು. ಮೂರು ಚಾ, ಒಂದು ಪ್ಲೇಟ್ ಮಿರ್ಚಿ.

"ರೊಕ್ಕ ಯಾರು ಕೊಡ್ತೀರಿ?" ಕಾಕಾ ಕೇಳಿದರು.

"ಪರಿಶೀಲನೆಯಲ್ಲಿದೆ," ಅಂದರು ವಕೀಲರು.

"ಹಂಗಾದ್ರ ನಾಳಿ ಚಾ ಉದ್ಭವಿಸಂಗಿಲ್ಲ."